ಧಕ್ಕೆಯಲ್ಲಿ ಹುಟ್ಟಿದವರು

ಥೆಲ್ಮಾ ಲಾರ್ಟರ್ ಹುಟ್ಟಿದ್ದು ಲಿಟ್ಲ್ ವಿಂಟನ್ ಎಂಬ ಹಳ್ಳಿಯಲ್ಲಿ. ನಮ್ಮ ಮಾರ್‌ಸ್ಟೇತ್ ಬಂದರಿನಿಂದ ಅದು ಹನ್ನೊಂದು ಮೈಲಿ ಒಳಗಿದೆ. ಬಸ್ಸಿನಲ್ಲಿ ಕೂತರೆ ಎರಡು ಪೆಪ್ಪರ್‌ಮಿಂಟ್ ಚೀಪಿ ಮುಗಿಸುವಷ್ಟು ಹೊತ್ತಿನ ದಾರಿ. ಆ ಹನ್ನೊಂದು ಮೈಲಿ ದಾಟಿ ಅವಳು ಮದುವೆಯಾಗಿ ಇಲ್ಲಿಗೆ ಹೊರಟು ನಲವತ್ತೊಂಬತ್ತು ವರ್ಷವಾಯಿತು. ಇನ್ನೂ ಬಂದು ತಲುಪಿಲ್ಲ.

ಹಾಗೆಂದು ಊರಿನವರು ಅವಳನ್ನು ಕಡೆಗಣಿಸಿದರು ಎಂದಲ್ಲ. ಇಪ್ಪತ್ತಾರು ವರ್ಷ ಅವಳು ಇಲ್ಲಿನ ಶಾಲೆಯ ಅಡುಗೆಮನೆಯಲ್ಲಿದ್ದಳು. ಊರಿನ ಅರ್ಧದಷ್ಟು ಜನ ಅವಳು ಅರೆದ ಆಲೂಗಡ್ಡೆ ತಿಂದು ಬೆಳೆದವರು. ಬಿರುಗಾಳಿಯ ದಿನ ಲೈಫ್‌ಬೋಟಿನವರು ನೆನೆದು ತೊಪ್ಪೆಯಾಗಿ ಬಂದರೆ ಮೊದಲು ಕಾಣುವುದು ಅವಳ ಸೂಪಿನ ಪಾತ್ರೆ. ನಮ್ಮ ಮೆಥೋಡಿಸ್ಟ್ ಚರ್ಚಿನಲ್ಲಿ ಹೂ ಜೋಡಿಸುವವಳೂ, ಆ ಹೂವಿನ ಕೊಳೆತ ನೀರು ಚೆಲ್ಲುವವಳೂ ಅವಳೇ. ಎರಡನೆಯ ಕೆಲಸಕ್ಕೆ ಬೇರೆ ಯಾರೂ ಎಂದೂ ಹೆಸರು ಕೊಟ್ಟಿಲ್ಲ. ಅವಳ ಬಗ್ಗೆ ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಬಹಳ ಪ್ರೀತಿಯಿಂದಲೇ ಹೇಳುತ್ತಾರೆ. "ಥೆಲ್ಮಾನಾ? ಬಂಗಾರದಂಥ ಹೆಂಗಸು. ಈ ಕಡೆಯವಳಲ್ಲ, ಪಾಪ."

ಅವಳ ಮೈದುನ ಹೆಡ್ಲಿಯಂತೂ ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. "ಏ ವಿಂಟನ್" ಎನ್ನುತ್ತಾನೆ. "ವಿಂಟನ್, ಉಪ್ಪು ಕೊಡು." "ವಿಂಟನ್, ನಿನ್ನ ಬೆಕ್ಕು ನನ್ನ ಮೀನು ತಿಂತು." ಅಣ್ಣನ ಮದುವೆಯ ದಿನ ಶುರು ಮಾಡಿದ ತಮಾಷೆ ಅದು. ಅಣ್ಣ ಕ್ಲಿಫರ್ಡ್ ತೀರಿಕೊಂಡು ಆರು ವರ್ಷವಾದರೂ ತಮಾಷೆಗೆ ಸಾವು ಬಂದಿಲ್ಲ.

ನಾನು ಥೆಲ್ಮಾಳ ಪಕ್ಕದ ಮನೆಯವಳು. ನಾನೂ ಇಲ್ಲಿ ಹುಟ್ಟಿದವಳಲ್ಲ. ಆದರೆ ನಾನು ಬಂದದ್ದು ಎಷ್ಟು ದೂರದಿಂದ ಎಂದರೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಹತ್ತಿರದಿಂದ ಬಂದವರಿಗೇ ಇಲ್ಲಿ ಕಷ್ಟ.

ದೋಣಿಗಳು ಬಂದು ನಿಲ್ಲುವ ನಮ್ಮ ಧಕ್ಕೆಯ ಗೋಡೆಗೆ ಅಂಟಿಕೊಂಡು ಅಂಗೈ ಅಗಲದ ಹಸಿರು ಏಡಿಗಳಿವೆ. ಅವುಗಳಿಗೆ ನಮ್ಮೂರಲ್ಲಿ ಗಿಲ್ಲಿ ಎಂದು ಹೆಸರು. ತಿನ್ನಲು ಬರುವಂಥವಲ್ಲ. ಬೇಸಿಗೆಯಲ್ಲಿ ಪರವೂರಿನವರು ಏಡಿ ಹಿಡಿಯಲು ಬರುತ್ತಾರೆ. ನಾವು ಗಿಲ್ಲಿ ಹಿಡಿಯುತ್ತೇವೆ. ಕೆಲಸ ಒಂದೇ. ದಾರದ ತುದಿಗೆ ಹಂದಿಮಾಂಸದ ಚೂರು ಕಟ್ಟಿ ಗೋಡೆಯ ಬುಡಕ್ಕೆ ಇಳಿಸುವುದು. ಕೊಕ್ಕೆ ಇಲ್ಲ. ಗಿಲ್ಲಿ ಆಸೆಗೆ ಕಚ್ಚಿ ಹಿಡಿದುಕೊಂಡಿರುವಾಗ ಮೆಲ್ಲಗೆ ಮೇಲೆತ್ತಿ ಬಕೆಟ್ಟಿಗೆ ಹಾಕುವುದು. ಸಂಜೆ ಎಲ್ಲವನ್ನೂ ಇಳಿಜಾರಿನ ಮೇಲೆ ಸುರಿದರೆ ಅವು ಅಡ್ಡಡ್ಡ ಓಡಿ ನೀರಿಗೆ ಬೀಳುತ್ತವೆ. ಮರುದಿನ ಮತ್ತೆ ಅವೇ ಬರುತ್ತವೆ. ಮನುಷ್ಯರೂ ಅವರೇ ಬರುತ್ತಾರೆ.

ಲಾರ್ಟರ್ ಮನೆಯವರು ಆಗಸ್ಟಿನ ಒಂದು ಶನಿವಾರ ಇಡೀ ಕುಟುಂಬ ಸೇರಿ ಗಿಲ್ಲಿ ಹಿಡಿಯುವುದು ನೂರು ವರ್ಷದ ರೂಢಿ. ಆ ದಿನಕ್ಕೆಂದೇ ಒಂದು ಹಳೆಯ ದಾರವಿದೆ. ಹೆಡ್ಲಿಯ ಅಜ್ಜ ಒಡೆದುಹೋದ ದೋಣಿಯ ಹಲಗೆಯಿಂದ ಒಂದು ಚೌಕಟ್ಟು ಮಾಡಿ, ಅದಕ್ಕೆ ಟಾರು ಬಳಿದ ಹುರಿದಾರ ಸುತ್ತಿ, ತುದಿಗೆ ಕೋಳಿಮೊಟ್ಟೆಯಷ್ಟು ದಪ್ಪದ ಸೀಸದ ಗುಂಡು ಕಟ್ಟಿದ್ದ. ಆ ದಾರಕ್ಕೆ ಒಂದು ನಿಯಮ. ಧಕ್ಕೆಯ ಮೇಲೆ ಹುಟ್ಟಿದವರು ಮಾತ್ರ ಅದನ್ನು ನೀರಿಗೆ ಇಳಿಸಬೇಕು.

ಮದುವೆಯಾದ ವರ್ಷ ಇದೇನೂ ತಿಳಿಯದೆ ಥೆಲ್ಮಾ ಅದಕ್ಕೆ ಕೈ ಚಾಚಿದಳಂತೆ. ಅತ್ತೆ ಫ್ರೀಡಾ ಅವಳ ಕೈಯ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟು, ಇದು ನಮ್ಮವರದ್ದಮ್ಮ ಎಂದಳಂತೆ. ನೋವೇನೂ ಆಗಲಿಲ್ಲ ಎಂದು ಥೆಲ್ಮಾ ಹೇಳುತ್ತಾಳೆ. ನಲವತ್ತೊಂಬತ್ತು ವರ್ಷದ ಹಿಂದೆ ಆಗದ ನೋವನ್ನು ಅವಳು ಅಷ್ಟು ಸ್ಪಷ್ಟವಾಗಿ ನೆನಪಿಟ್ಟಿದ್ದಾಳೆ.

ಮಾವ ತೀರಿಕೊಂಡ ಮೇಲೆ ಧಕ್ಕೆಯ ಮನೆಯೂ ದಾರವೂ ಹಿರಿಯ ಮಗ ಕ್ಲಿಫರ್ಡನಿಗೆ ಬಂದವು. ದಾರ ಥೆಲ್ಮಾಳ ಅಡುಗೆಮನೆಯ ಮೊಳೆಗೆ ಬಂದು ಕೂತಿತು. ಪ್ರತಿ ವಸಂತಕ್ಕೆ ಅವಳು ಚೌಕಟ್ಟಿಗೆ ಎಣ್ಣೆ ಹಚ್ಚುತ್ತಿದ್ದಳು, ದಾರ ಬಿಚ್ಚಿ ಒಣಗಿಸಿ ಮತ್ತೆ ಸುತ್ತುತ್ತಿದ್ದಳು, ಗುಂಡಿನ ಗಂಟು ಸಡಿಲವಾಗಿದ್ದರೆ ಬಿಗಿ ಮಾಡುತ್ತಿದ್ದಳು. ಒರೆಸಲು, ಸುತ್ತಲು, ಹೊತ್ತುಕೊಂಡು ಹೋಗಲು ಎಲ್ಲಿ ಹುಟ್ಟಿದ್ದರೂ ಅಡ್ಡಿಯಿರಲಿಲ್ಲ. ನೀರಿಗೆ ಇಳಿಸಲು ಮಾತ್ರ.

ಇನ್ನು ಆ ದಾರಕ್ಕೆ ಗಿಲ್ಲಿ ಸಿಗುತ್ತಿತ್ತೇ ಎಂದರೆ, ಇಲ್ಲ. ಗುಂಡು ಭಾರ, ಮಾಂಸ ಕೆಸರಿನೊಳಗೆ ಹೂತುಹೋಗುತ್ತದೆ. ಲಾರ್ಟರ್ ಗಂಡಸರ ಕೈ ಬೇರೆ ಒರಟು, ಗಿಲ್ಲಿ ಅರ್ಧ ದಾರಿಯಲ್ಲಿ ಬಿಟ್ಟುಬಿಡುತ್ತದೆ. ಕ್ಲಿಫರ್ಡ್ ಒಂದು ವರ್ಷ ಎರಡು ಹಿಡಿದದ್ದನ್ನು ಅವನ ಶವಸಂಸ್ಕಾರದ ದಿನ ಪಾದ್ರಿಗಳು ನೆನೆಸಿಕೊಂಡರು. ಥೆಲ್ಮಾ ಅವರ ಪಕ್ಕದಲ್ಲೇ ಅಂಗಡಿಯ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ ಇಳಿಸಿ, ಒಂದು ಭರತದಲ್ಲಿ, ಕಡಲು ಏರಿ ಇಳಿಯುವಷ್ಟರಲ್ಲಿ, ಅರವತ್ತು ಎತ್ತುತ್ತಿದ್ದಳು. ಬಕೆಟ್ಟನ್ನು ನೆರಳಿಗೆ ಸರಿಸುವುದು, ನೀರು ಬದಲಿಸುವುದು, ಮಾಂಸವನ್ನು ನಾರು ಬಿಡದಂತೆ ಕೊಯ್ಯುವುದು, ಗಿಲ್ಲಿಯನ್ನು ಬೆನ್ನಿನ ಹಿಂದಿನಿಂದ ಹಿಡಿದು ಎತ್ತುವುದು, ಇದನ್ನೆಲ್ಲ ಧಕ್ಕೆಯ ಮಕ್ಕಳಿಗೆ ಕಲಿಸಿದವಳು ಅವಳೇ. ಹೆಡ್ಲಿ ಮಾತ್ರ ಇದನ್ನು ಜಾಣತನವೆಂದು ಒಪ್ಪಲಿಲ್ಲ. ಪರವೂರಿನವರನ್ನು ನೋಡಲು ಗಿಲ್ಲಿಗಳು ಕುತೂಹಲಕ್ಕೆ ಮೇಲೆ ಬರುತ್ತವೆ ಎಂಬುದು ಅವನ ವಾದ.

ಹೆಡ್ಲಿ ಮೊದಲಿನಿಂದಲೂ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ತೊಂಬತ್ತೊಂದನೆಯ ಇಸವಿಯಲ್ಲಿ ಅವನ ತಾಯಿ ಫ್ರೀಡಾ ತೀರಿಕೊಂಡಳು. ಅಲ್ಲಿಂದೀಚೆಗೆ ಅವನ ನಿಯಮ ಬಿಗಿಯಾಯಿತು. ಅದಕ್ಕೆ ಮುಂಚೆ ಯಾರಾದರೂ ದಾರವನ್ನು ಒಂದು ಗಳಿಗೆ ಹಿಡಿದುಕೊಂಡರೆ ನಕ್ಕು ಸುಮ್ಮನಾಗುತ್ತಿದ್ದ. ಆಮೇಲೆ ಗಿಲ್ಲಿ ಹಿಡಿಯುವ ದಿನ ಬೇರೆಯವರಿಗೆ ಮುಟ್ಟಲೂ ಬಿಡಲಿಲ್ಲ. ತಾಯಿಯ ನೆನಪಿಗೆ ಹಾಗೆ ಮಾಡುತ್ತಾನೆಂದು ನಾವು ಅಂದುಕೊಂಡೆವು. ಕ್ಲಿಫರ್ಡನ ಶವಸಂಸ್ಕಾರವಾದ ಮೂರನೆಯ ದಿನ ಹೆಡ್ಲಿ ಒಂದು ಹಣ್ಣಿನ ಕೇಕ್ ಹಿಡಿದು ಬಂದ, ಸಮಾಧಾನ ಹೇಳಿದ, ಎರಡು ತುಂಡು ತಾನೇ ತಿಂದ, ಹೋಗುವಾಗ ಮೊಳೆಯಿಂದ ದಾರ ತೆಗೆದುಕೊಂಡು ಹೋದ. ಧಕ್ಕೆಯಲ್ಲಿ ಹುಟ್ಟಿದವರಲ್ಲಿ ಈಗ ಉಳಿದಿರುವವನು ತಾನೊಬ್ಬನೇ ಎಂದ. ಅದು ಸರಿಯೇ. ಈಗ ನಮ್ಮೂರಿನ ಮಕ್ಕಳೆಲ್ಲ ಹುಟ್ಟುವುದು ಮೂವತ್ತು ಮೈಲಿ ಆಚೆ, ನಾರ್ವಿಚ್‌ನ ಆಸ್ಪತ್ರೆಯಲ್ಲಿ. ಹೆಡ್ಲಿಯ ಅಳತೆಗೋಲು ಹಿಡಿದರೆ ಊರಿಗೆ ಊರೇ ಪರವೂರು.

ಹೆಡ್ಲಿಯ ಹುಟ್ಟಿನ ಕಥೆ ಇಲ್ಲಿ ಬೆಕ್ಕಿಗೂ ಗೊತ್ತು. ಐವತ್ತಮೂರರ ಜನವರಿಯ ಕೊನೆಯ ಶನಿವಾರ ಸಮುದ್ರ ಧಕ್ಕೆ ಹತ್ತಿ ಮನೆಗಳಿಗೆ ನುಗ್ಗಿತು. ಲಾರ್ಟರ್ ಮನೆಯ ಮೆಟ್ಟಿಲಿನಲ್ಲಿ ನೀರು ಏಳನೆಯದರ ತನಕ ಬಂತು. ಮರುದಿನ ಭಾನುವಾರ, ಕೆಳಗೆ ನೀರಿರುವಾಗಲೇ, ಮೇಲಿನ ಕೋಣೆಯಲ್ಲಿ ಫ್ರೀಡಾ ಹೆಡ್ಲಿಯನ್ನು ಹೆತ್ತಳು. "ಕೆಳಗೆ ಸಮುದ್ರ, ಮೇಲೆ ನಾನು" ಎಂದು ಹೆಡ್ಲಿ ಈ ಕಥೆ ಮುಗಿಸುತ್ತಾನೆ. ಹಾಗೆ ಹುಟ್ಟಿದವನು ಮೂವತ್ತು ವರ್ಷದಿಂದ ಗುಡ್ಡದ ಮೇಲಿನ ಬೆಚ್ಚನೆಯ ಮನೆಯಲ್ಲಿದ್ದಾನೆ, ಅಲ್ಲಿಗೆ ನೀರು ಬರಬೇಕಾದರೆ, ಇನ್ನೆಂದೂ ಪ್ರಳಯ ತರುವುದಿಲ್ಲ ಎಂದು ನೋಹನಿಗೆ ಕೊಟ್ಟ ಮಾತನ್ನು ದೇವರು ಮುರಿಯಬೇಕು. ಧಕ್ಕೆಯ ತೇವದ ಮನೆಯಲ್ಲಿ, ಏಳನೆಯ ಮೆಟ್ಟಿಲಿನ ಉಪ್ಪಿನ ಗುರುತಿಗೆ ವರ್ಷವರ್ಷ ಬಣ್ಣ ಬಳಿಯುತ್ತಾ ಇರುವವಳು ವಿಂಟನ್ನಿನವಳು.

ಇನ್ನೊಂದು ಸಂಗತಿಯಿದೆ. ಈಗ ಹೇಳಲು ಅಡ್ಡಿಯಿಲ್ಲ. ಮದುವೆಯ ಹಿಂದಿನ ದಿನ ಥೆಲ್ಮಾಳ ತಾಯಿ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಮಗಳಿಗೆ ಹೇಳಿದಳಂತೆ: "ನಿನ್ನ ಮೈದುನ ಇದಾನಲ್ಲ, ಆ ನೆರೆ ಕೂಸು, ಅವನು ಹುಟ್ಟಿದ್ದು ನಮ್ಮೂರ ಶಾಲೇಲಿ. ಅವನಮ್ಮನ್ನ ಶನಿವಾರವೇ ಕಿಟಕಿಯಿಂದ ದೋಣಿಗಿಳಿಸಿ ಲಾರೀಲಿ ಕರ್ಕೊಂಡು ಬಂದಿದ್ರು. ಬಿಸಿನೀರು ಕಾಯಿಸಿದ್ದು ನಾನು. ಅವರ ಮನೇಲಿ ಬೇರೆ ಏನೋ ಹೇಳ್ಕೊಂಡಿದಾರೆ. ನೀನು ಬಾಯಿ ಬಿಡಬೇಡ, ಆ ಮನೇಲಿ ಬಾಳಬೇಕಾದವಳು."

ಥೆಲ್ಮಾ ಬಾಯಿ ಬಿಡಲಿಲ್ಲ. ಕೈಯ ಮೇಲೆ ಏಟು ಬಿದ್ದಾಗಲೂ ಬಿಡಲಿಲ್ಲ. ಮೊಳೆ ಖಾಲಿಯಾದಾಗಲೂ ಬಿಡಲಿಲ್ಲ. ಎರಡು ವರ್ಷದ ಹಿಂದೆ ಚರ್ಚಿನಲ್ಲಿ ಕೀರ್ತನೆ ಪುಸ್ತಕ ಜೋಡಿಸುವಾಗ ನನಗೊಬ್ಬಳಿಗೆ ಹೇಳಿದಳು. ನಾನು ಅದನ್ನು ದೇವರ ಮುಂದೆ ಇಟ್ಟು ಸುಮ್ಮನಾದೆ.

ಈ ವರ್ಷ ಹೆಡ್ಲಿ ಒಂದು ಸುದ್ದಿ ತಂದ. ಹಳೆಯ ಲೈಫ್‌ಬೋಟ್ ಶೆಡ್ಡಿನಲ್ಲಿ ಊರವರೇ ನಡೆಸುವ ಚಿಕ್ಕ ವಸ್ತುಸಂಗ್ರಹಾಲಯಕ್ಕೆ ದಾರವನ್ನು ಕೊಟ್ಟುಬಿಡುತ್ತಾನಂತೆ. ತನಗೆ ಮೊಣಕಾಲು ನೋವು, ಮಕ್ಕಳಿಲ್ಲ, ಮುಂದೆ ಹಿಡಿಯಲು ಅರ್ಹರು ಯಾರೂ ಇಲ್ಲ. ಶನಿವಾರ ಕೊನೆಯ ಸಲ ಇಳಿಸುವುದು, ಸೋಮವಾರ ಗಾಜಿನ ಪೆಟ್ಟಿಗೆಗೆ.

ಗುರುವಾರ ಥೆಲ್ಮಾ ನನ್ನ ಮನೆಗೆ ಬಂದು, ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದಳು.

"ಒಂದು ಸಲ ಇಳಿಸಿದ್ರೆ ಸಾಕು ನಂಗೆ. ಆ ಗುಂಡು ನೆಲ ಮುಟ್ಟೋದು ಕೈಗೆ ಹೆಂಗೆ ಗೊತ್ತಾಗತ್ತೆ ಅಂತ ನೋಡ್ಬೇಕು. ಕ್ಲಿಫ್ ಯಾವಾಗ್ಲೂ ಹೇಳೋನು, ಟೇಬಲ್ ಕೆಳಗೆ ನಾಯಿ ಬಂದು ಕಾಲಿಗೆ ಒರಗಿದ ಹಾಗೆ ಅಂತ."

ನೇರವಾಗಿ ಕೇಳಿಬಿಡು ಎಂದೆ. ಕೇಳುತ್ತೇನೆ ಎಂದಳು. ಕೊಡದಿದ್ದರೆ ಎಂದೆ.

"ಗೊತ್ತಿರೋದನ್ನ ಹೇಳಿಬಿಟ್ರೆ ಕೊಡ್ತಾನೆ. ಆದ್ರೆ ಹಂಗೆ ತಗೊಂಡ್ರೆ ಕಿತ್ಕೊಂಡ ಹಾಗಾಯ್ತು. ಕ್ಲಿಫ್ ದಾರ ಅದು. ಕಿತ್ಕೊಂಡು ಹಿಡಿಯಕ್ಕಾಗಲ್ಲ."

ಶನಿವಾರ ಬಿಸಿಲಿತ್ತು. ಧಕ್ಕೆಯ ಕಪ್ಪು ಹಲಗೆಯ ಮೇಲೆ ಹೆಡ್ಲಿ ಸೀಮೆಸುಣ್ಣದಲ್ಲಿ ಭರತದ ಹೊತ್ತು ಬರೆದಿದ್ದ, ಒಂದು ನಲವತ್ತು. ಬಂದರಿನ ಕೆಲಸದಿಂದ ನಿವೃತ್ತನಾಗಿ ಒಂಬತ್ತು ವರ್ಷವಾದರೂ ಅದನ್ನು ಬರೆಯುವವನು ಅವನೇ. ಬೇರೆ ಯಾರಾದರೂ ಬರೆದರೆ ಸಮುದ್ರ ಗೊಂದಲಕ್ಕೆ ಬೀಳುತ್ತದೆ ಎಂಬ ಭಯ ಅವನಿಗೆ. ನಾವು ಹತ್ತೂವರೆಗೇ ಕಬ್ಬಿಣದ ಏಣಿಯ ಪಕ್ಕದ ಮಾಮೂಲಿ ಜಾಗದಲ್ಲಿ ಕೂತೆವು. ಥೆಲ್ಮಾಳ ಮಗಳು ಲೋರ್ನಾ, ಅಳಿಯ ಭಾವಿನ್, ಅವರ ಇಬ್ಬರು ಹುಡುಗಿಯರು ಲೆಸ್ಟರಿನಿಂದ ಹಿಂದಿನ ದಿನವೇ ಬಂದಿದ್ದರು.

ಭಾವಿನ್ ಗುಜರಾತಿ ಮನೆತನದವನು, ಅಪ್ಪಟ ಸಸ್ಯಾಹಾರಿ. ಪಾತ್ರೆ ತೊಳೆಯುವ ಹಳದಿ ಕೈಗವಸು ಹಾಕಿಕೊಂಡು, ಮುಖ ಬೇರೆ ಕಡೆ ತಿರುಗಿಸಿ, ಹಂದಿಮಾಂಸದ ಚೂರು ಕಟ್ಟುತ್ತಾನೆ. ಆದರೂ ಈ ದಿನವನ್ನು ಅವನಷ್ಟು ಇಷ್ಟಪಡುವವರು ಯಾರೂ ಇಲ್ಲ. ಹಿಡಿದದ್ದನ್ನೆಲ್ಲ ಸಂಜೆ ಬಿಟ್ಟುಬಿಡುವ ಇಂಥ ಬೇಟೆ ತನ್ನ ಅಜ್ಜಿಗೂ ಒಪ್ಪಿಗೆಯಾಗುತ್ತಿತ್ತು ಎನ್ನುತ್ತಾನೆ. ಹನ್ನೆರಡರ ಹೊತ್ತಿಗೆ ಅವನು ಇಪ್ಪತ್ಮೂರು ಹಿಡಿದಿದ್ದ. ಹೆಡ್ಲಿಯ ಹಳೆಯ ದಾರಕ್ಕೆ ಒಂದು ಹಿಡಿ ಕಡಲಪಾಚಿ ಬಂದಿತ್ತು.

"ನಿನ್ನ ನೋಡಕ್ಕೆ ಬರ್ತಾವೆ ಮಾರಾಯ," ಎಂದ ಹೆಡ್ಲಿ. "ಪಾಪ, ಅವಕ್ಕೂ ಲೆಸ್ಟರಿನ ಸುದ್ದಿ ಬೇಕಲ್ಲ."

"ಬರಲಿ ಬಿಡಿ ಅಂಕಲ್. ಲೆಸ್ಟರಲ್ಲಿ ನನ್ನ ನೋಡಿ ನೀನು ಎಲ್ಲಿಯವನು ಅಂತಾರೆ. ಇಲ್ಲಿ ನೀವು ನಮ್ಮ ಅತ್ತೇನ ಕೂಡ ಅದನ್ನೇ ಕೇಳ್ತೀರಿ. ನಂಗೆ ಇಲ್ಲೇ ಹಿತ."

ಲೋರ್ನಾ ನಕ್ಕಳು. ಥೆಲ್ಮಾ ನಗಲಿಲ್ಲ. ಮಾಂಸ ಕೊಯ್ಯುವ ಚಾಕು ಒರೆಸಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಹೆಡ್ಲಿಯ ಬಳಿ ಹೋಗಿ ನಿಂತಳು. ಕೊನೆಯ ಸಲ ಅಲ್ಲವೇ, ನಾನೊಂದು ಸಲ ಇಳಿಸುತ್ತೇನೆ ಎಂದು ಕೇಳಿದಳು. ನಲವತ್ತೊಂಬತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಹೆಡ್ಲಿ ನೀರನ್ನೇ ನೋಡುತ್ತಿದ್ದ. ಒಂದು ಕ್ಷಣ ಅವನ ಹೆಬ್ಬೆರಳು ಚೌಕಟ್ಟಿನ ಅಂಚನ್ನು ಉಜ್ಜಿತು.

"ನೂರು ವರ್ಷ ಕಾಪಾಡ್ಕೊಂಡು ಬಂದಿರೋದು ವಿಂಟನ್," ಎಂದ. "ಕೊನೇ ದಿನ ಕೆಡಿಸ್ಬೇಕಾ?"

ಅವಳು ಸರಿ ಎಂದಳು. ವಾಪಸು ಬಂದು ಕೂತು, ಕೊಯ್ದಾಗಿದ್ದ ಮಾಂಸವನ್ನೇ ಮತ್ತೆ ಕೊಯ್ದಳು. ಚೂರುಗಳು ಅವಲಕ್ಕಿಯಷ್ಟು ಸಣ್ಣಗಾದವು. ಅವಳು ಆ ಮಾತು ಹೇಳಿಬಿಡಲಿ ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಒಳಗೇ ಕ್ಷಮೆಯನ್ನೂ ಕೇಳಿದೆ.

ಹನ್ನೆರಡೂವರೆಗೆ ಮಿಸೆಸ್ ಹ್ಯಾರಪ್ ಬಂದಳು. ವಸ್ತುಸಂಗ್ರಹಾಲಯ ನೋಡಿಕೊಳ್ಳುವವಳು ಅವಳೇ. ಲಂಡನ್ ಕಡೆಯ ಯಾವುದೋ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿ ಮೂರು ವರ್ಷದ ಹಿಂದೆ ಇಲ್ಲಿಗೆ ಬಂದವಳು. ಈ ಊರಿನಲ್ಲಿ ಯಾವುದು ಹಳೆಯದು ಎಂದು ಈಗ ತೀರ್ಮಾನಿಸುವವಳೂ ಅವಳೇ. ಹೆಡ್ಲಿ ದಾರ ಹಿಡಿದು ಕೂತ ಒಂದು ಫೋಟೋ ತೆಗೆದಳು. ಆಮೇಲೆ ಪೆಟ್ಟಿಗೆಯ ಪಕ್ಕ ಹಾಕುವ ಬರಹವನ್ನು ಗಟ್ಟಿಯಾಗಿ ಓದಿದಳು. ಲಾರ್ಟರ್ ಕುಟುಂಬದ ಏಡಿ ಹಿಡಿಯುವ ದಾರ, ಸುಮಾರು ಸಾವಿರದ ಒಂಬೈನೂರ ಇಪ್ಪತ್ತೊಂದು. ಧಕ್ಕೆಯಲ್ಲಿ ಹುಟ್ಟಿದವರು ಮಾತ್ರ ಬಳಸುತ್ತಿದ್ದರು. ಕೊನೆಯದಾಗಿ ಬಳಸಿದ ಹೆಡ್ಲಿ ಲಾರ್ಟರ್, ಐವತ್ತಮೂರರ ಪ್ರವಾಹದಲ್ಲಿ ನೀರು ಏಳನೆಯ ಮೆಟ್ಟಿಲಿಗೆ ಬಂದಿದ್ದಾಗ ಇದೇ ಧಕ್ಕೆಯ ಮನೆಯಲ್ಲಿ ಜನಿಸಿದರು.

ಏಡಿ ಅಲ್ಲ ಗಿಲ್ಲಿ ಎಂದು ಹೆಡ್ಲಿ ತಿದ್ದಿದ. ಮಿಸೆಸ್ ಹ್ಯಾರಪ್, ಹೊರಗಿನವರಿಗೆ ಅರ್ಥವಾಗುವುದಿಲ್ಲ ಎಂದು ಹಾಗೇ ಬಿಟ್ಟಳು. ಒಂದೇ ಒಂದು ಕೆಲಸ ಉಳಿದಿತ್ತು. ಇದೆಲ್ಲ ನಿಜವೆಂದು ಮನೆಯ ಇನ್ನೊಬ್ಬ ಹಿರಿಯರು ರುಜು ಹಾಕಬೇಕು, ಅದು ಅವರ ಪದ್ಧತಿ. ಅವಳು ಸುತ್ತ ನೋಡಿದಳು. ಅಲ್ಲಿ ಮನೆಯ ಹಿರಿಯರೆಂದರೆ ಥೆಲ್ಮಾ ಒಬ್ಬಳೇ.

ಥೆಲ್ಮಾ ಕೈ ತೊಳೆದುಕೊಂಡಳು. ಕನ್ನಡಕ ಹುಡುಕಿದಳು, ಅದು ಅವಳ ತಲೆಯ ಮೇಲೇ ಇತ್ತು. ಕಾಗದವನ್ನು ಒಂದು ಸಲ ಓದಿ, ಮತ್ತೆ ಮೊದಲಿನಿಂದ ಓದಿದಳು. ರುಜು ಹಾಕಿದರೆ ಸುಳ್ಳಿಗೆ ಹೆಸರು ಕೊಟ್ಟಂತೆ. ಹಾಕದೆ ಕಾರಣ ಹೇಳಿದರೆ, ಎಪ್ಪತ್ತು ದಾಟಲಿರುವ ಮನುಷ್ಯ ಅಷ್ಟು ಜನರ ಮುಂದೆ ಹುಟ್ಟೂರು ಕಳೆದುಕೊಳ್ಳುತ್ತಾನೆ. ಹೆಡ್ಲಿ ನೀರಿನಲ್ಲಿ ಏನೂ ಇಲ್ಲದ ಕಡೆ ಬಹಳ ಗಮನವಿಟ್ಟು ನೋಡುತ್ತಿದ್ದ. ಕಣ್ಣು ಮುಚ್ಚದೆ ಪ್ರಾರ್ಥಿಸುವುದು ನನಗೆ ರೂಢಿ. ಆಗ ಅದನ್ನೇ ಮಾಡಿದೆ.

"ನೀರು ಏಳನೇ ಮೆಟ್ಟಿಲಿಗೆ ಬಂದಿದ್ದು ನಿಜ," ಎಂದಳು ಥೆಲ್ಮಾ ಕೊನೆಗೆ. "ಗುರುತಿದೆ, ಎಷ್ಟು ಬಣ್ಣ ಬಳಿದ್ರೂ ಎದ್ದು ಬರತ್ತೆ. ಅದಕ್ಕೆ ಬೇಕಾದ್ರೆ ಈಗ್ಲೇ ರುಜು ಹಾಕ್ತೀನಿ. ಹುಟ್ಟಿದ್ದು ಅವನು. ಅದನ್ನ ಅವನನ್ನೇ ಕೇಳಿ."

ಪೆನ್ನನ್ನು ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಳು. ಮಿಸೆಸ್ ಹ್ಯಾರಪ್ ಹೆಡ್ಲಿಯ ಕಡೆ ತಿರುಗಿ, ಹಾಗಾದರೆ ನೀವೇ ಖಚಿತ ಮಾಡಿ ಎಂದಳು. ಯಾರೋ ಪ್ರವಾಸಿಯ ಕೈಯಿಂದ ಕಡಲಹಕ್ಕಿಯೊಂದು ಆಲೂ ಚಿಪ್ಸ್ ಕಿತ್ತುಕೊಂಡು ಹಾರಿತು. ಹೆಡ್ಲಿ ಅದು ಕಣ್ಮರೆಯಾಗುವವರೆಗೆ ನೋಡಿದ.

"ಆ ಕೊನೇ ಸಾಲು ತೆಗೆದುಬಿಡಿ," ಎಂದ.

"ಯಾಕೆ? ಇಡೀ ಬರಹದಲ್ಲಿ ಚೆನ್ನಾಗಿರೋದೇ ಅದು."

"ಚೆನ್ನಾಗಿದೆ. ಅದಕ್ಕೇ."

ಅದರ ಮೇಲಿನ ಸಾಲನ್ನೂ ತೆಗೆಯಲು ಹೇಳಿದ. ಮಿಸೆಸ್ ಹ್ಯಾರಪ್ ಎರಡು ಗೀಟು ಎಳೆದು, ಬೇಸರದಿಂದ ಕಾಗದ ಮಡಿಸಿದಳು. ಈಗ ಅದರಲ್ಲಿ ಉಳಿದದ್ದು ಒಂದು ದಾರ ಮತ್ತು ಒಂದು ಇಸವಿ. ಸೋಮವಾರ ಹತ್ತಕ್ಕೆ ಬರುತ್ತೇನೆಂದು ಹೇಳಿ ಅವಳು ಹೊರಟುಹೋದಳು.

ಹೆಡ್ಲಿ ದಾರವನ್ನು ನಿಧಾನವಾಗಿ ಮೇಲಕ್ಕೆ ಸುತ್ತಿದ. ಮಾಂಸ ಕಟ್ಟಿದ ಹಾಗೇ ಇತ್ತು. ಗುಂಡಿನ ಕೆಸರನ್ನು ಪ್ಯಾಂಟಿಗೆ ಒರೆಸಿದ. ಥೆಲ್ಮಾಳ ಮುಖ ನೋಡದೆ ಮಾತಾಡಿದ.

"ನಿಮ್ಮಮ್ಮ ಆವತ್ತು ಎಷ್ಟು ನೀರು ಕಾಯಿಸಿದ್ರು?"

ಥೆಲ್ಮಾ ಕನ್ನಡಕವನ್ನು ಮತ್ತೆ ತಲೆಯ ಮೇಲಕ್ಕೆ ಏರಿಸಿದಳು. "ಎರಡು ಹಂಡೆ," ಎಂದಳು. "ಶಾಲೆ ಸೂಪಿನ ಹಂಡೆ."

"ಯಾವಾಗಿಂದ ಗೊತ್ತು ನಿಂಗೆ?"

"ಮದುವೆ ಹಿಂದಿನ ದಿನದಿಂದ. ನಿಂಗೆ?"

"ಅಮ್ಮ ತೀರ್ಕೊಂಡ ವಾರದಿಂದ. ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿದ್ಲು. ಹೇಳಿ ಹಗುರಾಗಿ ಹೋಗಿಬಿಟ್ಲು. ಭಾರ ನಂಗಾಯ್ತು."

ಹಾಗಾದರೆ ತೊಂಬತ್ತೊಂದು. ನಿಯಮ ಬಿಗಿಯಾದ ವರ್ಷ. ತಾಯಿಯ ನೆನಪಿಗೆ ಎಂದು ನಾವೆಲ್ಲ ಅಂದುಕೊಂಡದ್ದು ಒಂದು ರೀತಿಯಲ್ಲಿ ಸರಿಯೇ ಆಗಿತ್ತು. ತಾನೇ ಹೊರಗಿನವನೆಂದು ತಿಳಿದ ದಿನದಿಂದ ಅವನು ಬಾಗಿಲು ಕಾಯಲು ನಿಂತಿದ್ದ.

"ನಲವತ್ತೊಂಬತ್ತು ವರ್ಷ ಬಾಯಿ ಬಿಡ್ಲಿಲ್ಲ ನೀನು," ಎಂದ ಹೆಡ್ಲಿ. ಅದು ಹೊಗಳಿಕೆಯೋ ದೂರೋ ಹೇಳುವುದು ಕಷ್ಟ.

"ನೀನೇನು ಬಿಟ್ಯಾ? ಮೂವತ್ತೊಂದು ವರ್ಷ."

ಏನು ವಿಷಯ ಎಂದು ಲೋರ್ನಾ ಕೇಳಿದಳು. ಹೆಡ್ಲಿ ಅಡ್ಡಮಾತಾಡಲಿಲ್ಲ. ತಾನು ಹುಟ್ಟಿದ್ದು ಲಿಟ್ಲ್ ವಿಂಟನ್ ಶಾಲೆಯಲ್ಲಿ, ಎರಡನೇ ತರಗತಿಯ ಕೋಣೆಯಲ್ಲಿ, ಗೋಡೆಗೆ ನೇತುಹಾಕಿದ್ದ ಭೂಪಟದ ಕೆಳಗೆ ಎಂದು ಹೇಳಿದ. ಇಷ್ಟು ವಿವರ ಥೆಲ್ಮಾಳಿಗೂ ಗೊತ್ತಿರಲಿಲ್ಲ. ಲೋರ್ನಾ ಬಾಯಿಗೆ ಕೈ ಇಟ್ಟುಕೊಂಡಳು. ಭಾವಿನ್ ಕೈಗವಸು ಕಳಚಿ, ತಾನು ತಂದಿದ್ದ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿಯ ಡಬ್ಬಿ ತೆರೆದು ಹೆಡ್ಲಿಯ ಮುಂದೆ ಹಿಡಿದ.

"ತಗೊಳ್ಳಿ ಅಂಕಲ್. ನಮ್ಮ ಕಡೆಗೆ ಬಂದ್ರಿ."

ಹತ್ತು ವರ್ಷದಿಂದ ಆ ಡಬ್ಬಿಯನ್ನು ಅನುಮಾನದಿಂದ ನೋಡುತ್ತಿದ್ದ ಹೆಡ್ಲಿ ಒಂದು ತೆಗೆದುಕೊಂಡ. ಖಾರ ಸ್ವಲ್ಪ ಹೆಚ್ಚು ಎಂದ. ಇನ್ನೊಂದು ತೆಗೆದುಕೊಂಡ. ಆಮೇಲೆ ಮಡಿಲಲ್ಲಿದ್ದ ದಾರವನ್ನು ನೋಡಿ, ನಿಯಮ ಹಿಡಿದರೆ ತಾನಿದನ್ನು ಮುಟ್ಟುವ ಹಾಗಿಲ್ಲ ಎಂದ. ಹಾಗಾದರೆ ಯಾರು ಮುಟ್ಟಬಹುದು ಎಂದು ಲೋರ್ನಾ ಕೇಳಿದಳು. ಹೆಡ್ಲಿ ಯೋಚಿಸಿದ. ಬದುಕಿರುವವರಲ್ಲಿ ಯಾರೂ ಇಲ್ಲ ಎಂದ.

ನೀರು ಏರುತ್ತಲೇ ಇತ್ತು. ಏಣಿಯ ಇನ್ನೊಂದು ಮೆಟ್ಟಿಲು ಮುಳುಗಿತು. ಹೆಡ್ಲಿ ಎದ್ದು, ಮೊಣಕಾಲು ಹಿಡಿದುಕೊಂಡು ಎರಡು ಹೆಜ್ಜೆ ಬಂದು, ದಾರವನ್ನು ಥೆಲ್ಮಾಳ ತೊಡೆಯ ಮೇಲಿಟ್ಟ.

"ಹಿಡ್ಕೋ ಸ್ವಲ್ಪ," ಎಂದ. "ನಾನು ಚಹಾ ಕುಡೀಬೇಕು."

ನನ್ನ ಫ್ಲಾಸ್ಕಿನ ಕಡೆ ಬಂದು ಕೂತ. ನಾನು ಸುರಿದುಕೊಟ್ಟೆ.

ಥೆಲ್ಮಾ ಚೌಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು, ಮೂವತ್ತಾರು ವಸಂತ ಎಣ್ಣೆ ಹಚ್ಚಿದ ವಸ್ತುವನ್ನು ಈಗ ತಾನೇ ಕಂಡವಳಂತೆ. ಆಮೇಲೆ ಧಕ್ಕೆಯ ಅಂಚಿಗೆ ಸರಿದು, ಮಾಂಸದ ಚೂರು ಬದಲಿಸಿ, ದಾರ ಬಿಡುತ್ತಾ ಹೋದಳು. ಟಾರು ದಾರ ಅವಳ ಬೆರಳ ನಡುವೆ ಕರಕರ ಎಂದು ಇಳಿಯಿತು. ಒಂದು ಕಡೆ ಅದು ನಿಂತಿತು. ಅವಳ ಭುಜವೂ ಅದರ ಜೊತೆ ನಿಂತಿತು. ಗುಂಡು ನೆಲ ಮುಟ್ಟಿತ್ತು.

ನಾಯಿಯ ಹಾಗಿತ್ತೇ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅವಳಂಥವಳಿಗೆ ಆ ದಾರದ ದೋಷ ಕ್ಷಣದಲ್ಲಿ ಗೊತ್ತಾಗಿರಬೇಕು. ಅರ್ಧ ಅಡಿ ಮೇಲೆತ್ತಿ ಹಿಡಿದರೆ ಮಾಂಸ ಕೆಸರಿನಿಂದ ಹೊರಗಿರುತ್ತಿತ್ತು, ಗಿಲ್ಲಿ ಬರುತ್ತಿತ್ತು. ಅವಳು ಎತ್ತಲಿಲ್ಲ. ಅವಳ ಕಿತ್ತಳೆ ದಾರ ಪಕ್ಕದಲ್ಲೇ ಬಿದ್ದಿತ್ತು, ಮೊಮ್ಮಗಳೊಬ್ಬಳು ಅದನ್ನು ತೆಗೆದುಕೊಂಡು ಹೋಗಿ ಒಂದರ ಹಿಂದೆ ಒಂದು ಎತ್ತತೊಡಗಿದಳು. ಭಾವಿನ್‌ನ ಬಕೆಟ್ ತುಂಬಿ, ನೀರು ಬದಲಿಸಿ, ಮತ್ತೆ ತುಂಬಿತು. ಭರತ ಮುಟ್ಟಿತು, ನಿಂತಿತು, ತಿರುಗಿತು. ಹೆಡ್ಲಿ ಮೂರನೆಯ ಚಹಾ ಕುಡಿದ. ದಾರ ವಾಪಸು ಕೇಳಲು ಅವನು ಒಂದು ಸಲವೂ ಏಳಲಿಲ್ಲ.

ಮೂರೂವರೆಗೆ ಹುಡುಗಿಯರು ಬಕೆಟ್ಟುಗಳನ್ನು ಇಳಿಜಾರಿಗೆ ಹೊತ್ತುಕೊಂಡು ಹೋಗಿ ಸುರಿದರು. ಎಂಬತ್ತಕ್ಕೂ ಹೆಚ್ಚು ಗಿಲ್ಲಿಗಳು ಕಲ್ಲಿನ ಮೇಲೆ ಟಕಟಕ ಸದ್ದು ಮಾಡುತ್ತಾ ಅಡ್ಡಡ್ಡ ಓಡಿ ನೀರಿಗೆ ಬಿದ್ದವು. ಮಕ್ಕಳು ಯಾವುದು ಗೆದ್ದಿತೆಂದು ಜಗಳವಾಡಿದರು. ಲೋರ್ನಾ ಚಾಪೆ ಮಡಿಸಿದಳು. ಥೆಲ್ಮಾ ಇನ್ನೂ ಅಂಚಿನಲ್ಲೇ ಕೂತಿದ್ದಳು, ದಾರ ಕೆಳಗಿತ್ತು.

ಹೆಡ್ಲಿ ಅವಳ ಹಿಂದೆ ಹೋಗಿ ನಿಂತು ಬಗ್ಗಿ ನೋಡಿದ.

"ಏನಾದ್ರೂ ಬಂತಾ, ವಿಂಟನ್?"

"ಇಲ್ಲ, ವಿಂಟನ್," ಎಂದಳು ಥೆಲ್ಮಾ. "ಒಂದೂ ಇಲ್ಲ."

ಹೆಡ್ಲಿ ಬಹಳ ತೃಪ್ತಿಯಿಂದ ತಲೆಯಾಡಿಸಿದ. ನಲವತ್ತೊಂಬತ್ತು ವರ್ಷಗಳಲ್ಲಿ ಥೆಲ್ಮಾ ಒಂದೂ ಗಿಲ್ಲಿ ಹಿಡಿಯದೆ ಮನೆಗೆ ಹೋದದ್ದು ಅದೇ ಮೊದಲು. ಆ ದಾರ ಹಿಡಿದ ಲಾರ್ಟರ್‌ಗಳಲ್ಲಿ ಬಹುತೇಕ ಎಲ್ಲರೂ ಹಾಗೆಯೇ ಮನೆಗೆ ಹೋದವರು.